ಒಂದು ಟ್ಯೂಬು ಮುಲಾಮು, ಒಂದು ಒದ್ದೆ ಪಂಚೆ

ನನ್ನ ತಂಗಿಯ ಮಗಳು ಸಹನಾ ವೈದ್ಯ ಪದವಿ ಮುಗಿಸಿ ಚರ್ಮರೋಗ ವಿಭಾಗಕ್ಕೆ ಸೇರಿದ್ದಾಳೆ. ಅದನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದರೆ, "ಎಮರ್ಜೆನ್ಸಿ ಇರಲ್ಲ, ಓಡಾಟ ಇರಲ್ಲ, ಆರಾಮಾಗಿರುತ್ತೆ ದೊಡ್ಡಮ್ಮ" ಅಂದಳು. ಅವಳ ತಲೆಯಲ್ಲಿರುವುದು ಲೇಸರ್ ಯಂತ್ರ, ಬಿಳಿ ಗೋಡೆ, ಮೊದಲೇ ಚೆನ್ನಾಗಿದ್ದು ಇನ್ನೂ ಚೆನ್ನಾಗಬೇಕೆಂದು ಬರುವ ಮುಖಗಳು. ಜಯನಗರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚರ್ಮದ ಡಾಕ್ಟರಾಗಿ ಕೂತು, ಹೋದ ವರ್ಷ ಕ್ಲಿನಿಕ್ಕಿನ ಬಾಗಿಲು ಹಾಕಿದ ನನಗೆ ನಗು ಬಂತು. ನಾನು ಆ ಕುರ್ಚಿಯಲ್ಲಿ ಕೂತು ನೋಡಿದ್ದರಲ್ಲಿ ಮುಕ್ಕಾಲು ಪಾಲು ತೊಡೆಸಂದಿ, ಸೊಂಟ ಮತ್ತು ಕಂಕುಳು.

ಹುಳುಕಡ್ಡಿ ಅನ್ನಿ, ಗಜಕರ್ಣ ಅನ್ನಿ, ಈಗಿನವರ ಹಾಗೆ ಫಂಗಲ್ ಅನ್ನಿ, ಎಲ್ಲ ಒಂದೇ. ಹೆಸರಿನಲ್ಲಿ ಹುಳು ಇದೆಯೇ ಹೊರತು ಮೈಯಲ್ಲಿ ಹುಳು ಇರುವುದಿಲ್ಲ. ತೇವ ಸೇರಿದ ಉಪ್ಪಿನಕಾಯಿಗೆ ಹಿಡಿಯುತ್ತದಲ್ಲ ಬೂಷ್ಟು, ಅದರ ನೆಂಟ ಇದು. ಬೆವರು, ಬಿಗಿ ಬಟ್ಟೆ, ಒದ್ದೆ, ಇಷ್ಟು ಸಿಕ್ಕರೆ ಸಾಕು, ಮನುಷ್ಯನ ಚರ್ಮದ ಮೇಲೆ ಬಳೆಯ ಆಕಾರದಲ್ಲಿ ಮನೆ ಮಾಡುತ್ತದೆ. ಸಹನಾಗೂ ಅವಳಂಥವರಿಗೂ ಈ ಕೆಲಸ ನಿಜಕ್ಕೂ ಹೇಗಿತ್ತು ಎಂದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಯಾರು ಎಲ್ಲಿ ಶಾಲು ಹೊದಿಸಿದರು ಎಂಬುದನ್ನು ಬಿಟ್ಟುಬಿಡುತ್ತೇನೆ. ಆ ಶಾಲುಗಳು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿವೆ.

ನಾನು ಕೆಲಸ ಕಲಿತದ್ದು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ನಮ್ಮ ಮುಖ್ಯಸ್ಥರು ಮಹಾ ಸಿಡುಕರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚರ್ಮ ನೋಡುವುದನ್ನು ಅವರು ಒಪ್ಪುತ್ತಿರಲಿಲ್ಲ. ಪ್ರತಿಯೊಬ್ಬ ರೋಗಿಯನ್ನೂ ಕಿಟಕಿಯ ಹತ್ತಿರ ಕರೆದು ನಿಲ್ಲಿಸುತ್ತಿದ್ದರು. ಒಂದು ದಿನ ಅಂಚೆ ಕಚೇರಿಯ ಗುಮಾಸ್ತರೊಬ್ಬರು ಅಂಗೈ ತುರಿಕೆ ಎಂದು ಬಂದರು. ನಾನು ಅಂಗೈ ನೋಡಿದೆ, ಅಂಗೈಗೆ ಮುಲಾಮು ಬರೆದೆ. ಚೀಟಿ ಮುಖ್ಯಸ್ಥರ ಕೈಗೆ ಹೋಯಿತು. ಅವರು ಗುಮಾಸ್ತರ ಬೂಟು ಬಿಚ್ಚಿಸಿದರು. ಎರಡೂ ಪಾದ ಸಿಪ್ಪೆ ಎದ್ದು, ಬೆರಳ ಸಂದಿ ಬೆಳ್ಳಗೆ ಕೊಳೆತಿತ್ತು. ಅಂಗೈಗೆ ಬಂದದ್ದು ಅಲ್ಲಿಂದ.

"ಕಾಲು ಯಾರು ನೋಡ್ಬೇಕಮ್ಮ, ಚಪ್ಪಲಿ ಅಂಗಡಿಯವನಾ?" ಎಂದು ಇಡೀ ವಿಭಾಗಕ್ಕೆ ಕೇಳುವಂತೆ ಕೇಳಿದರು. ಅಂದಿನಿಂದ ನಾನು ಮೈ ಪೂರ್ತಿ ನೋಡದೆ ಚೀಟಿ ಬರೆದದ್ದಿಲ್ಲ. ಮಚ್ಚೆಯ ಅಂಚನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲಿಟ್ಟು, ಸಿಪ್ಪೆ ಕರಗಿಸುವ ಪೊಟ್ಯಾಷ್ ದ್ರಾವಣ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನೂ ಅವರೇ ಕಲಿಸಿದ್ದು. ಬೂಷ್ಟಿದ್ದರೆ ನೂಲಿನ ಎಳೆಗಳ ಹಾಗೆ ಕಾಣುತ್ತದೆ. ಇವತ್ತು ಅಷ್ಟು ಹೊತ್ತು ಯಾರಿಗಿದೆ ಎನ್ನುತ್ತಾರೆ. ಐದು ನಿಮಿಷದ ಕೆಲಸ ಅದು, ಕಾಫಿ ಕುಡಿಯುವುದಕ್ಕೂ ಅಷ್ಟೇ ಬೇಕು.

ಆಗ ಇದ್ದ ಔಷಧಿ ಸರಳ. ಆಸ್ಪತ್ರೆಯಲ್ಲೇ ಕಲೆಸಿ ಡಬ್ಬಿಗೆ ತುಂಬಿ ಕೊಡುತ್ತಿದ್ದ ಬಿಳಿ ಮುಲಾಮು ಒಂದು. ಹಚ್ಚಿದರೆ ಚುರುಚುರು ಉರಿ, ಬಟ್ಟೆಗೆಲ್ಲ ಜಿಡ್ಡು. ಜನ ಬೈಯುತ್ತ ಹಚ್ಚುತ್ತಿದ್ದರು, ಬೈಯುತ್ತಲೇ ವಾಸಿಯಾಗುತ್ತಿದ್ದರು. ಬೇಸಿಗೆಗೆ ಬಂದ ಹುಳುಕಡ್ಡಿ ದಸರಾ ಹೊತ್ತಿಗೆ ಇರುತ್ತಿರಲಿಲ್ಲ.

ಆಮೇಲೆ ಬಂದವು ಬಣ್ಣಬಣ್ಣದ ಟ್ಯೂಬುಗಳು. ಒಂದೇ ಟ್ಯೂಬಿನಲ್ಲಿ ಬೂಷ್ಟು ಕೊಲ್ಲುವ ಔಷಧಿ ಒಂದು, ಕೆಂಪು ಮತ್ತು ನವೆ ಇಳಿಸುವ ಸ್ಟೀರಾಯ್ಡ್ ಒಂದು, ಕೆಲವದರಲ್ಲಿ ಇನ್ನೂ ಒಂದೆರಡು. ಊರಿಗೆಲ್ಲ ಒಂದೇ ಮದ್ದು. ಸ್ಟೀರಾಯ್ಡ್ ಅಂದರೆ ವಿಷ ಎಂದು ನಾನು ಹೇಳುವವಳಲ್ಲ. ಹುಳುಕಡ್ಡಿ ಊದಿ, ಕೆಂಪಾಗಿ, ರೋಗಿ ಕೂರಲಾರದೆ ಒದ್ದಾಡುತ್ತಿರುವಾಗ ಸೌಮ್ಯವಾದ ಸ್ಟೀರಾಯ್ಡ್ ಸೇರಿದ ಕ್ರೀಮನ್ನು ನಾನೂ ಎಷ್ಟೋ ಸಲ ಬರೆದಿದ್ದೇನೆ. ಬರೆದದ್ದು ಹೆಚ್ಚೆಂದರೆ ಒಂದು ವಾರಕ್ಕೆ. ಕೆಂಪು ಇಳಿದ ಮೇಲೆ ಆ ಟ್ಯೂಬು ನಿಲ್ಲಿಸಿ, ಬರೀ ಬೂಷ್ಟಿನ ಔಷಧಿ ಇರುವ ಕ್ರೀಮು. ಅದನ್ನು ಚರ್ಮ ಸರಿಯಾಗಿ ಕಂಡ ಮೇಲೂ ಎರಡು ವಾರ ಹಚ್ಚಬೇಕು, ಏಕೆಂದರೆ ಕಣ್ಣಿಗೆ ಕಾಣದಿದ್ದರೂ ಅದು ಒಳಗೆ ಇರುತ್ತದೆ.

ಆದರೆ ಜನ ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ತರುವ ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಬಲವಾದ ಸ್ಟೀರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ನವೆ ಮಾಯ. ವಾಸಿಯಾಯಿತು ಎಂದು ನಿಲ್ಲಿಸುತ್ತಾರೆ. ಬೂಷ್ಟು ಸತ್ತಿರುವುದಿಲ್ಲ, ಅದರ ಮೇಲೆ ಜಗಳಕ್ಕೆ ನಿಂತಿದ್ದ ಚರ್ಮವನ್ನು ಸ್ಟೀರಾಯ್ಡ್ ಮಲಗಿಸಿರುತ್ತದೆ ಅಷ್ಟೆ. ನಿಲ್ಲಿಸಿದ ಕೂಡಲೇ ಮತ್ತೆ ಎದ್ದು ಎರಡು ಪಟ್ಟು ಹರಡುತ್ತದೆ. ಮತ್ತೆ ಟ್ಯೂಬು. ಹೀಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಬಸುರಿಯರ ಹೊಟ್ಟೆಯ ಮೇಲೆ ಬರುವಂಥ ಬಿರುಕು ಗೆರೆಗಳು ತೊಡೆಯ ಮೇಲೆ ಬಂದು, ಜನ್ಮಪೂರ್ತಿ ಉಳಿಯುತ್ತವೆ.

ಬಿ.ಟಿ.ಎಂ. ಲೇಔಟಿನ ಪಿ.ಜಿ. ಒಂದರಿಂದ ಮೂವರು ಹುಡುಗರು ಒಟ್ಟಿಗೆ ಬಂದಿದ್ದರು. ಒಬ್ಬನಿಗೆ ತೊಡೆ, ಒಬ್ಬನಿಗೆ ಸೊಂಟ, ಇನ್ನೊಬ್ಬನಿಗೆ ಕುತ್ತಿಗೆ. ಮೂವರಿಗೂ ಸೇರಿ ಒಂದೇ ಟ್ಯೂಬು, ಒಂದೇ ಟವೆಲ್ಲು. ಅವರಲ್ಲಿ ಮೊದಲು ಹಚ್ಚಿಕೊಂಡವನಿಗೆ ಸಖತ್ತಾಗಿ ವರ್ಕ್ ಆಯಿತಂತೆ, ಅದಕ್ಕೆ ಉಳಿದವರೂ ಹಚ್ಚಿಕೊಂಡರಂತೆ. ವರ್ಕ್ ಆಗಿದ್ದರೆ ಮೂವರೂ ಇಲ್ಲಿ ಯಾಕೆ ಬಂದಿರಿ ಎಂದು ಕೇಳಿದೆ. ಒಬ್ಬ ಕ್ರೀಮನ್ನು ದಾವಣಗೆರೆ ದೋಸೆಗೆ ಬೆಣ್ಣೆ ಹಾಕುವ ಹಾಗೆ ಹಾಕಿಕೊಂಡಿದ್ದ. ನಾನೂ ಆ ಕಡೆಯವಳೇ ಆದ್ದರಿಂದ ಬೆಣ್ಣೆಯ ಮೇಲೆ ನನಗೆ ಗೌರವವಿದೆ, ಆದರೆ ಮುಲಾಮಿಗೆ ಆ ಕೈ ಸಲ್ಲದು. ತೊಳೆದು, ಚೆನ್ನಾಗಿ ಒರೆಸಿ, ಚರ್ಮ ಒಣಗಿದ ಮೇಲೆ ತೆಳುವಾಗಿ ಸವರಬೇಕು. ಮಚ್ಚೆಯ ಅಂಚಿನಿಂದ ಎರಡು ಬೆರಳಗಲ ಆಚೆಗೂ ಹಚ್ಚಬೇಕು. ಹಚ್ಚಿದ ಮೇಲೆ ಕೈ ತೊಳೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಟವೆಲ್ಲು. ಹುಡುಗರು ತಲೆಯಾಡಿಸಿದರು. ಅವರ ಪಿ.ಜಿ.ಯಲ್ಲಿ ಬಟ್ಟೆ ಒಣಗಿಸುವ ಜಾಗಕ್ಕೆ ಬಿಸಿಲು ಬರುತ್ತದೆಯೇ ಎಂದು ಕೇಳಿದೆ. ಜಾಗವೇ ಇಲ್ಲ ಎಂದರು.

ಜೆ.ಪಿ. ನಗರದ ಒಬ್ಬ ಅಜ್ಜಿಯನ್ನು ಇವತ್ತಿಗೂ ಮರೆತಿಲ್ಲ. ಮೊಮ್ಮಗುವಿನ ಕುಂಡೆ ಕೆಂಪಾಗಿದೆ ಎಂದು ಮಗನ ಟ್ಯೂಬನ್ನು ಪ್ರತಿ ಸಲ ಡೈಪರ್ ಬದಲಿಸುವಾಗಲೂ ಹಚ್ಚುತ್ತಿದ್ದರು. ಡೈಪರ್ ಎಂದರೆ ಮೇಲಿಂದ ಕಟ್ಟು ಕಟ್ಟಿದ ಹಾಗೇ, ಔಷಧಿ ಸೀದಾ ಒಳಗೆ ಇಳಿಯುತ್ತದೆ. ಮಗುವಿನ ಕೆನ್ನೆ ಊದಿಕೊಂಡಿತ್ತು. ಮೊಮ್ಮಗ ದುಂಡಗಾಗಿದ್ದಾನೆ ಎಂದು ಅಜ್ಜಿ ಖುಷಿಯಲ್ಲಿದ್ದರು. ಅದು ಸ್ಟೀರಾಯ್ಡಿನ ಊತ ಎಂದು ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೈಯಲು ಬಾಯಿ ಬರಲಿಲ್ಲ. ಮಕ್ಕಳ ಡಾಕ್ಟರ ಜೊತೆ ಸೇರಿ ನಿಧಾನವಾಗಿ ಬಿಡಿಸಿದೆವು, ಮಗು ಸರಿಹೋಯಿತು. ಮಕ್ಕಳಿಗೆ, ಮುಖಕ್ಕೆ, ಗಾಯವಾದ ಚರ್ಮಕ್ಕೆ ಇಂಥ ಟ್ಯೂಬನ್ನು ಕೇಳದೆ ಹಚ್ಚಬೇಡಿ ಎಂದು ನಾನು ಬಂದವರಿಗೆಲ್ಲ ಹೇಳಿಹೇಳಿ ಕಾಟ ಕೊಡುತ್ತಿದ್ದದ್ದು ಆ ಮಗುವಿನಿಂದಾಗಿ.

ಇನ್ನು ಶ್ರೀಕಂಠಯ್ಯನವರ ವಿಷಯ. ಸಹನಾ ಬೇರೆಲ್ಲ ಮರೆತರೂ ಇದನ್ನು ಮರೆಯದಿರಲಿ.

ಅವರು ಹೊಸಕೆರೆಹಳ್ಳಿಯ ಒಂದು ಓಣಿಯಲ್ಲಿರುವ ಸಣ್ಣ ಆಂಜನೇಯ ಗುಡಿಯ ಅರ್ಚಕರು. ಐವತ್ತು ದಾಟಿದ ವಯಸ್ಸು, ತೆಳ್ಳಗಿನ ಆಳು. ಗಣೇಶನ ಹಬ್ಬ ಕಳೆದು ಮಳೆ ಹಿಡಿದಿದ್ದ ದಿನಗಳಲ್ಲಿ ಹೆಂಡತಿ ಶಾರದಮ್ಮನವರ ಜೊತೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಲಗೈಯ ಮಣಿಕಟ್ಟಿನ ಮೇಲೆ ಊದಿದ ಒಂದು ಕೆಂಪು ಬಳೆ. ಅದನ್ನು ನನ್ನ ಮುಂದೆ ಚಾಚಿ, ಇದು ಅಂಟುವ ರೋಗ ಅಲ್ಲ ಎಂದು ಒಂದು ಸರ್ಟಿಫಿಕೇಟು ಬೇಕು ಎಂದರು.

ಆದದ್ದು ಹೀಗೆ. ತೀರ್ಥ ಕೊಡುವಾಗ ಭಕ್ತರೊಬ್ಬರು ಆ ಕೈ ನೋಡಿ ಹಿಂದೆ ಸರಿದಿದ್ದರು. ದೂರು ಗುಡಿಯ ಟ್ರಸ್ಟಿನ ಕಾರ್ಯದರ್ಶಿ ರಾವ್ ಎನ್ನುವವರಿಗೆ ಹೋಯಿತು. ಡಾಕ್ಟರ ಕಾಗದ ತನ್ನಿ, ಇಲ್ಲದಿದ್ದರೆ ಬೇರೆ ಅರ್ಚಕರನ್ನು ನೋಡಬೇಕಾಗುತ್ತದೆ ಎಂದು ರಾವ್ ಹೇಳಿದ್ದರು. ಅರ್ಚಕರಿಗೆ ಇದ್ದ ಮನೆಯೆಂದರೆ ಗುಡಿಯ ಹಿಂದೆ ಟ್ರಸ್ಟು ಕೊಟ್ಟಿದ್ದ ಎರಡು ಕೋಣೆ. ಪೂಜೆ ಹೋದರೆ ಮನೆಯೂ ಹೋಗುತ್ತಿತ್ತು. ಮಗಳು ಪಿ.ಯು.ಸಿ. ಎರಡನೇ ವರ್ಷದಲ್ಲಿದ್ದಳು.

ಉಳಿದ ಮೈ ನೋಡಬೇಕು ಎಂದೆ. ಕೈಯೊಂದೇ ಎಂದರು. ಕೈಗೆ ಅದು ಎಲ್ಲಿಂದಲೋ ನಡೆದು ಬಂದಿರುತ್ತದೆ, ಎಲ್ಲಿಂದ ಎಂದು ನೋಡದೆ ನಾನು ಪೆನ್ನು ಮುಟ್ಟುವುದಿಲ್ಲ ಎಂದೆ. ಹೆಂಗಸು ಡಾಕ್ಟರ ಮುಂದೆ ಪಂಚೆ ಸಡಿಲಿಸುವುದಕ್ಕಿಂತ ಕೆಲಸ ಕಳೆದುಕೊಳ್ಳುವುದೇ ವಾಸಿ ಎನ್ನುವ ಮುಖ ಮಾಡಿ ನಿಂತರು. ಕೊನೆಗೆ ಶಾರದಮ್ಮ ತಣ್ಣಗೆ, "ನಾಚಿಕೆ ಪಡೋ ಹೊತ್ತು ದಾಟೋಯ್ತು, ತೋರಿಸ್ರೀ" ಎಂದರು.

ನೋಡಿದೆ. ಸೊಂಟದಿಂದ ಮಂಡಿಯ ಹತ್ತಿರದವರೆಗೆ ಕೆಂಪು. ಉಡಿದಾರ ಕೂತ ಜಾಗದಲ್ಲಿ ಗೆರೆ ಎಳೆದ ಹಾಗೆ ಒಂದು ಪಟ್ಟಿ. ತೊಡೆಯ ಒಳಭಾಗದಲ್ಲಿ ಚರ್ಮ ಕಾಗದದಷ್ಟು ತೆಳುವಾಗಿ, ಅಗಲವಾದ ಬಿರುಕುಗಳು. ಒಂದೆರಡು ಕಡೆ ರಕ್ತ ಒಸರುತ್ತಿತ್ತು. ಅಂಗಡಿಯ ಟ್ಯೂಬನ್ನು ಒಂದು ವರ್ಷಕ್ಕೂ ಮೇಲೆ ಹಚ್ಚುತ್ತಿದ್ದರಂತೆ. ಬೆಳಗ್ಗೆ ಸ್ನಾನ ಮಾಡಿ, ಟ್ಯೂಬು ಹಚ್ಚಿ, ಅದರ ಮೇಲೆ ನೀರಲ್ಲಿ ಅದ್ದಿ ಹಿಂಡಿದ ಪಂಚೆ ಉಟ್ಟುಕೊಂಡು ಗರ್ಭಗುಡಿಗೆ ಹೋಗುತ್ತಿದ್ದರು. ಅದು ಮೈಮೇಲೇ ಒಣಗಬೇಕು. ಮಳೆಗಾಲದಲ್ಲಿ ಮಧ್ಯಾಹ್ನವಾದರೂ ಒಣಗುತ್ತಿರಲಿಲ್ಲ. ಯಾಕೆ ಎಂದರೆ ಮಡಿ.

ನಮ್ಮದು ಲಿಂಗಪೂಜೆಯ ಮನೆ. ಮಡಿಯ ಒಳಮರ್ಮ ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಬೂಷ್ಟಿನ ಮರ್ಮ ಗೊತ್ತಿತ್ತು. ಕೈಯ ಅಂಚನ್ನು ಕೆರೆದು ನೋಡಿದೆ, ಎಳೆಗಳು ಹುಲುಸಾಗಿದ್ದವು. ಇದು ಅಂಟುತ್ತದೆ, ಹೆಚ್ಚಾಗಿ ಬಟ್ಟೆಯಿಂದ, ಟವೆಲ್ಲಿನಿಂದ, ಮೈಗೆ ಮೈ ತಾಕಿದರೆ. ನೀವು ಕೇಳಿದ ಮಾತನ್ನು ಬರೆಯಲಾರೆ ಎಂದು ಹೇಳಿದೆ.

ಅವರಿಗೆ ಸಿಟ್ಟು ಬಂತು. "ಒಂದು ಸಾಲು ಬರೆಯೋಕೆ ನಿಮ್ಮ ಗಂಟೇನು ಹೋಗುತ್ತೆ ಮೇಡಂ? ನಮ್ಮದು ಅನ್ನ ಹೋಗುತ್ತೆ."

"ಸುಳ್ಳು ಬರೆದು ಕೊಟ್ರೆ ನಿಮ್ಮ ಕೆಲಸ ಉಳಿಯುತ್ತೆ, ರೋಗಾನೂ ಉಳಿಯುತ್ತೆ," ಎಂದೆ. "ಮೊದಲು ವಾಸಿ ಮಾಡ್ಕೊಳ್ಳಿ. ಅವತ್ತು ನಾನೇ ಬರೆದು ಸೈನ್ ಹಾಕಿ ಕೊಡ್ತೀನಿ."

ಸಿಟ್ಟಿನಲ್ಲೇ ಹೊರಟಿದ್ದರು, ಶಾರದಮ್ಮ ಬಾಗಿಲಲ್ಲಿ ತಡೆದರು. ನಾನು ರಾವ್ ಅವರಿಗೆ ಅಲ್ಲೇ ಕೂತು ಫೋನ್ ಮಾಡಿದೆ. ಮನುಷ್ಯ ಒರಟನಲ್ಲ, ಹೆದರುಪುಕ್ಕಲ. ಭಕ್ತರು ಏನಂತಾರೆ ಎನ್ನುವುದೇ ಅವರ ಚಿಂತೆ. ಕೊನೆಗೆ ಒಂದು ಮಾತಿಗೆ ಬಂದರು. ಹನುಮಜ್ಜಯಂತಿಯವರೆಗೆ ಶ್ರೀಕಂಠಯ್ಯನವರು ರಜೆಯ ಮೇಲೆ ಇರಲಿ, ತಮ್ಮ ಪರಿಚಯದ ಒಬ್ಬ ಅರ್ಚಕರು ಪೂಜೆ ನೋಡಿಕೊಳ್ಳುತ್ತಾರೆ. ಅಷ್ಟರಲ್ಲಿ ವಾಸಿಯಾಗದಿದ್ದರೆ ಆ ಹೊಸ ಅರ್ಚಕರನ್ನೇ ಕಾಯಂ ಮಾಡುವುದು. ಮಾರ್ಗಶಿರದವರೆಗೆ ನಮಗೆ ಸಮಯ ಸಿಕ್ಕಿತು.

ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಕೊಟ್ಟೆ. ತೊಡೆಗೆ ಇನ್ನು ಜನ್ಮದಲ್ಲಿ ಸ್ಟೀರಾಯ್ಡ್ ತಾಕಿಸಕೂಡದು, ಬರೀ ಬೂಷ್ಟಿನ ಕ್ರೀಮು. ಕೈಯ ಬಳೆಗೆ ಟ್ಯೂಬು ಹಚ್ಚಿದ್ದು ಕೆಲವೇ ದಿನ, ಚರ್ಮ ಇನ್ನೂ ಗಟ್ಟಿಯಿತ್ತು, ಊತ ಉರಿ ಜಾಸ್ತಿಯಿತ್ತು. ಅಲ್ಲಿಗೆ ಮಾತ್ರ ಸೌಮ್ಯವಾದದ್ದು, ಒಂದು ವಾರ, ಆಮೇಲೆ ಅಲ್ಲಿಗೂ ಬರೀ ಬೂಷ್ಟಿನದು. ಎರಡು ಟ್ಯೂಬು ಅದಲುಬದಲಾಗಬಾರದು ಎಂದು ಒಂದಕ್ಕೆ ಕುಂಕುಮದ ಬೊಟ್ಟು ಇಟ್ಟುಕೊಳ್ಳಿ ಎಂದೆ. ಉಡಿದಾರ ತೆಗೆಸಿದೆ. ಒಲೆಯ ಮುಂದೆ, ಆರತಿಯ ಮುಂದೆ ನಿಲ್ಲುವವರು ಕ್ರೀಮಿನ ಜಿಡ್ಡು ಹೀರಿದ ಬಟ್ಟೆ ಉಟ್ಟು ನಿಲ್ಲಬಾರದು, ಬೇಗ ಬೆಂಕಿ ಹತ್ತುತ್ತದೆ ಎಂದೂ ಹೇಳಿದೆ. ಇನ್ನೊಂದು ಮಾತನ್ನು ಒತ್ತಿ ಹೇಳಿದೆ: ಹಳೆಯ ಟ್ಯೂಬು ನಿಲ್ಲಿಸಿದ ಮೇಲೆ ಒಂದೆರಡು ವಾರ ಮೊದಲಿಗಿಂತ ಜೋರಾಗುತ್ತದೆ, ಹೆದರಬೇಡಿ. ಒದ್ದೆ ಪಂಚೆ ಬೇಡ, ಒಣಗಿದ್ದು ಉಡಿ.

ಜೋರಾಗೇ ಆಯಿತು. ವಾರ ಕಳೆಯುವುದರೊಳಗೆ ಶಾರದಮ್ಮನ ಫೋನ್. ಮೈಗೆಲ್ಲ ಬೆಂಕಿ ಹಚ್ಚಿದ ಹಾಗಾಗಿದೆ ಎಂದು ಯಜಮಾನರು ಮನೆ ತುಂಬ ಹಳೆಯ ಟ್ಯೂಬು ಹುಡುಕುತ್ತಿದ್ದಾರಂತೆ. ಎಲ್ಲಿಟ್ಟಿದ್ದೀರಿ ಎಂದೆ. ಅಕ್ಕಿ ಡಬ್ಬದ ತಳದಲ್ಲಿ ಎಂದರು. ಅದನ್ನು ಈಗಲೇ ಎಸೆಯಿರಿ, ಆ ಅಕ್ಕಿಯನ್ನೂ ಎಸೆಯಿರಿ, ಅವರಿಗೆ ತಣ್ಣೀರು ಬಟ್ಟೆ ಒತ್ತಿ, ಒತ್ತಿದ ಮೇಲೆ ಚೆನ್ನಾಗಿ ಒರೆಸಿ ಎಂದೆ. ನವೆಗೆ ಒಂದು ಮಾತ್ರೆ ಹೇಳಿದೆ. ಸಹನಾ, ನಿನ್ನ ರೋಗಿಗಳು ಕೈಬಿಟ್ಟು ಓಡುವುದು ಇಲ್ಲೇ. ಮೊದಲೇ ಹೇಳಿರದಿದ್ದರೆ, ಡಾಕ್ಟರ ಔಷಧಿಯಿಂದ ಹೆಚ್ಚಾಯಿತು ಎಂದು ಮತ್ತೆ ಅಂಗಡಿಗೆ ಹೋಗುತ್ತಾರೆ. ಶ್ರೀಕಂಠಯ್ಯನವರು ಹಲ್ಲು ಕಚ್ಚಿ ತಡೆದರು. ತಿಂಗಳು ಕಳೆಯುವಷ್ಟರಲ್ಲಿ ಕೈ ತಿಳಿಯಾಯಿತು, ತೊಡೆಯ ಕೆಂಪು ಇಳಿಯಿತು. ಮೊದಲ ಸಲ ನನ್ನ ಕುರ್ಚಿಯಲ್ಲಿ ಕೂತರು.

ದೀಪಾವಳಿ ಕಳೆದ ಮೇಲೆ ಮತ್ತೆ ಬಂದರು. ಸೊಂಟದ ಮೇಲೆ ಹೊಸ ಬಳೆ, ತೊಡೆಯಲ್ಲಿ ಎರಡು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ. ಹನುಮಜ್ಜಯಂತಿ ಹತ್ತಿರ ಬರುತ್ತಿತ್ತು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಕಷ್ಟವಾಯಿತು. ಇದು ಸರ್ಪದೋಷ ಇರಬೇಕು, ನಿಮ್ಮ ತಪ್ಪಲ್ಲ, ಮನೆ ಹುಡುಕಲು ಶುರುಮಾಡುತ್ತೇವೆ ಎಂದರು.

ಮಾತ್ರೆ ತಪ್ಪಿಲ್ಲ. ಕ್ರೀಮು ತಪ್ಪಿಲ್ಲ. ಒದ್ದೆ ಉಡುತ್ತಿಲ್ಲ ತಾನೆ ಎಂದೆ. ದೇವರಾಣೆಗೂ ಇಲ್ಲ, ಮನೆಯ ಪೂಜೆಗೂ ಒಣಗಿದ್ದೇ ಉಡುತ್ತೇನೆ ಎಂದರು. ಒಣಗಿದ್ದು ಅಂದರೆ ಯಾವುದು ಎಂದು ಕೇಳಿದೆ. ಮಗುಟ ಎಂದರು. ಪೂಜೆಗೆ ಉಡುವ ರೇಷ್ಮೆ ಪಂಚೆ ಅದು.

"ಅದನ್ನ ಒಗೆದು ಎಷ್ಟು ದಿನ ಆಯ್ತು?"

ಗಂಡ ಹೆಂಡತಿ ಮುಖಮುಖ ನೋಡಿಕೊಂಡರು. "ಮಗುಟ ಒಗೆಯೋದು ಎಲ್ಲಿ ಬಂತು ಮೇಡಂ," ಎಂದರು ಶ್ರೀಕಂಠಯ್ಯ. "ರೇಷ್ಮೆಗೆ ಮೈಲಿಗೆ ಇಲ್ಲ. ನಮ್ಮ ತಂದೆಯವರದ್ದು ಅದು."

ನನಗೆ ನಗು ಬಂದುಬಿಟ್ಟಿತು. ಅವರು ನಗದಿದ್ದದ್ದು ನೋಡಿ ನಿಲ್ಲಿಸಿದೆ. ಕಾಯಿಲೆ ಜೋರಾಗಿದ್ದ ಆ ಇಡೀ ವರ್ಷ ಹಬ್ಬಹಬ್ಬಕ್ಕೂ ಅದೇ ಮಗುಟ ಉಟ್ಟಿದ್ದರು. ಬಿಚ್ಚಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟಿದ್ದರು. ಒದ್ದೆ ಬೇಡ ಎಂದು ನಾನು ಹೇಳಿದ್ದೇ ತಡ, ಅದನ್ನು ದಿನಾ ಉಡತೊಡಗಿದ್ದರು. ನಾನು ಬೆಳಗ್ಗೆ ಕೊಂದ ಬೂಷ್ಟನ್ನು ಮಗುಟ ಮತ್ತೆ ತಂದು ಮೈಗೆ ಹಚ್ಚುತ್ತಿತ್ತು.

ಶಾಸ್ತ್ರದ ಮೇಲೆ ಜಗಳಕ್ಕೆ ಹೋಗುವ ಮನಸ್ಸು ನನಗೆ ಇರಲಿಲ್ಲ. ಜಗಳವಾಡಿದ್ದರೆ ಆ ದಂಪತಿ ಮತ್ತೆ ಮೆಟ್ಟಿಲು ಹತ್ತುತ್ತಿರಲಿಲ್ಲ. ನಿಮ್ಮ ತಂದೆ ದಿನಾ ಏನು ಉಡುತ್ತಿದ್ದರು ಎಂದು ಕೇಳಿದೆ. ಅವರು ಹೇಳಿದರು. ಸಂಜೆಯೇ ಪಂಚೆ ಒಗೆದು, ಯಾರ ಕೈಗೂ ಎಟುಕದ ಹಾಗೆ ಮೇಲೆ ಕಟ್ಟಿದ ಗಳುವಿನ ಮೇಲೆ ಕೋಲಿನಲ್ಲಿ ಹರವುತ್ತಿದ್ದರಂತೆ. ಬೆಳಗ್ಗೆ ಸ್ನಾನ ಮಾಡಿ ಕೋಲಿನಲ್ಲೇ ಇಳಿಸಿಕೊಂಡು ಉಡುತ್ತಿದ್ದರಂತೆ. ಒಣಗದೇ ಇದ್ದ ದಿನ, ಪರಸ್ಥಳದಲ್ಲಿದ್ದ ದಿನ ಮಾತ್ರ ಒದ್ದೆ.

"ಹಾಗಾದ್ರೆ ಒಣಗಿದ್ದೇ ಪದ್ಧತಿ. ಒದ್ದೆ ಅನ್ನೋದು ಗತಿ ಇಲ್ಲದಾಗ ಮಾಡ್ತಿದ್ದದ್ದು," ಎಂದೆ.

ಉತ್ತರ ಬಂದದ್ದು ಶಾರದಮ್ಮನಿಂದ. "ನಮಗೆ ದಿನಾ ಗತಿ ಇಲ್ಲ ಮೇಡಂ. ಎರಡು ಕೋಣೇಲಿ ಬಿಸಿಲು ಬರೋ ಕಿಟಕಿ ಒಂದೂ ಇಲ್ಲ. ಮೂರು ಜನ ಓಡಾಡೋ ಕಡೆ ಯಾರಿಗೂ ತಾಕದ ಹಾಗೆ ಎಲ್ಲಿ ಒಣಗಿಸಲಿ? ಗುಡಿ ಮಹಡಿಗೆ ಬೀಗ. ಬೀಗದ ಕೈ ರಾವ್ ಅವರ ಹತ್ರ."

ಮೂವತ್ತು ವರ್ಷದಲ್ಲಿ ನಾನು ಬಗೆಬಗೆಯ ಔಷಧಿ ಬರೆದಿದ್ದೆ, ಮಹಡಿಯ ಬೀಗದ ಕೈ ಅದೇ ಮೊದಲು. ರಾವ್ ಅವರಿಗೆ ಮತ್ತೆ ಫೋನ್ ಮಾಡಿದೆ. ಮಹಡಿಯಲ್ಲಿ ಶಾಮಿಯಾನದ ಸಾಮಾನಿದೆ, ಉತ್ಸವದ ಪಾತ್ರೆಗಳಿವೆ, ಜವಾಬ್ದಾರಿ ಯಾರದು ಎಂದು ಶುರುಮಾಡಿದರು. ಪಾತ್ರೆಗಳಿಗೆ ಅಷ್ಟು ಬಿಸಿಲು ಗಾಳಿ ಕೊಟ್ಟು ಅರ್ಚಕರನ್ನು ಕತ್ತಲೆಯಲ್ಲಿ ಕೊಳೆಹಾಕಿದ್ದೀರಿ ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಕಾಯಿಲೆ ಬಂದದ್ದು ಅವರ ದೋಷದಿಂದಲ್ಲ, ನೀವು ಕೊಟ್ಟ ಕೋಣೆಯಿಂದ ಎಂದೂ ಹೇಳಿದೆ. ಆ ಸಂಜೆಯೇ ಬೀಗ ತೆಗೆಸಿದರು.

ಆಮೇಲಿನದು ನನ್ನ ಕೆಲಸಕ್ಕಿಂತ ಶಾರದಮ್ಮನ ಕೆಲಸ. ಮಹಡಿಯಲ್ಲಿ ಎತ್ತರಕ್ಕೆ ತಂತಿ ಕಟ್ಟಿಸಿದರು. ಹತ್ತಿಯ ಪಂಚೆಗಳನ್ನು ಬಿಸಿನೀರಿನಲ್ಲಿ ಒಗೆದು ಹೊತ್ತಾರೆಯೇ ಹರವಿ, ದಿನವಿಡೀ ಬಿಸಿಲು ಕಾಣಿಸಿ, ಕೋಲಿನಲ್ಲಿ ಇಳಿಸಿ ಮರುದಿನಕ್ಕೆ ಎತ್ತಿಡುತ್ತಿದ್ದರು. ಮಗುಟವನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಪೂರ್ತಿ ವಾಸಿಯಾಗುವವರೆಗೆ ಮುಟ್ಟಬಾರದೆಂದು ತಾಕೀತು ಮಾಡಿದರು. ಶಾರದಮ್ಮನವರನ್ನೂ ನೋಡಬೇಕು ಎಂದೆ. ನನಗೇನಿಲ್ಲ ಎಂದರು. ಸೀರೆ ಬಿಗಿಯುವ ಜಾಗದಲ್ಲಿ ಒಂದು ಬಳೆ ಇತ್ತು, ಯಾರಿಗೂ ಹೇಳಿರಲಿಲ್ಲ. ಗಂಡನದ್ದೇ ಊರು ತುಂಬ ಸುದ್ದಿಯಾಗಿರುವಾಗ ನನ್ನದೊಂದು ಬೇರೆ ಯಾಕೆ ಅಂತ ಸುಮ್ಮನಿದ್ದೆ ಎಂದರು. ಅವರಿಗೂ ಔಷಧಿ ಶುರುವಾಯಿತು. ಮನೆಯಲ್ಲಿ ಒಬ್ಬರನ್ನೇ ವಾಸಿ ಮಾಡಿದರೆ ಯಾರನ್ನೂ ವಾಸಿ ಮಾಡಿದ ಹಾಗಲ್ಲ.

ಹನುಮಜ್ಜಯಂತಿಗೆ ಮುಂಚಿನ ವಾರ ಶ್ರೀಕಂಠಯ್ಯನವರನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಪೂರ್ತಿ ನೋಡಿದೆ. ತೊಡೆಯ ಬಿರುಕು ಗೆರೆಗಳು ಹಾಗೇ ಇದ್ದವು, ಅವು ಹೋಗುವಂಥವಲ್ಲ. ಕೆಂಪಿಲ್ಲ, ಸಿಪ್ಪೆಯಿಲ್ಲ. ಬಳೆಗಳಿದ್ದ ಜಾಗಗಳಲ್ಲೆಲ್ಲ ಕೆರೆದು ನೋಡಿದೆ, ಒಂದು ಎಳೆಯೂ ಇರಲಿಲ್ಲ. ಕ್ರೀಮು ಇನ್ನೂ ಎರಡು ವಾರ ನಿಲ್ಲಿಸಕೂಡದು ಎಂದು ಹೇಳಿ, ಈಗ ಇವರಿಂದ ಯಾರಿಗೂ ಅಂಟುವುದಿಲ್ಲ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟೆ. ಹಬ್ಬಕ್ಕೆ ಬರಲೇಬೇಕು ಎಂದು ಶಾರದಮ್ಮ ಕರೆದು ಹೋದರು.

ಗುಡಿಗೆ ಹೋಗುವ ರೂಢಿ ನನಗೆ ಕಡಿಮೆ. ಆದರೂ ಹೋದೆ. ಓಣಿ ತುಂಬ ಜನ. ರಾವ್ ಬಾಗಿಲಲ್ಲೇ ಸಿಕ್ಕಿ, ನಿಮ್ಮ ಕಾಗದ ನೋಡಿದೆ, ನನಗೆ ಏನೂ ಅಭ್ಯಂತರ ಇಲ್ಲ ಎಂದರು. ಆದರೆ ಜನ ಏನಂತಾರೋ ನೋಡಬೇಕು ಎಂದೂ ಸೇರಿಸಿದರು. ಅದಕ್ಕೆಂದೇ ಒಂದು ವ್ಯವಸ್ಥೆ ಮಾಡಿದ್ದರು. ತೀರ್ಥ ಕೊಡಲು ಒಂದು ಕಡೆ ಹೊಸ ಅರ್ಚಕರು, ಇನ್ನೊಂದು ಕಡೆ ಶ್ರೀಕಂಠಯ್ಯ.

ಒಳಗೆ ಹೋಗಿ ನೋಡಿದೆ. ಹೊಸ ಅರ್ಚಕರ ಮುಂದಿನ ಸಾಲು ಬಾಗಿಲು ದಾಟಿ ಬೀದಿಗೆ ಹೋಗಿತ್ತು. ಶ್ರೀಕಂಠಯ್ಯನವರು ಒಣಗಿದ ಬಿಳಿ ಪಂಚೆ ಉಟ್ಟು, ತೀರ್ಥದ ಬಟ್ಟಲು ಹಿಡಿದು ಒಬ್ಬರೇ ನಿಂತಿದ್ದರು. ಮಗಳು ಕಂಬದ ಪಕ್ಕ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಶಾರದಮ್ಮ ಹೂವಿನ ಬುಟ್ಟಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದ್ದರು. ನಾನು ಕೊಟ್ಟ ಕಾಗದ ರಾವ್ ಅವರ ಜೇಬಿನಲ್ಲಿತ್ತು. ಸಾಲಿನಲ್ಲಿದ್ದವರು ನೋಡುತ್ತಿದ್ದದ್ದು ಕೈಯನ್ನು.

ನಾನು ಸಾಲಿಗೆ ಅಡ್ಡವಾಗಿ ನಡೆದು ಹೋಗಿ ಅವರ ಮುಂದೆ ನಿಂತು ಬಲಗೈ ಚಾಚಿದೆ.

ತೀರ್ಥ ಕೊಡುವಾಗ ಹೇಳುವ ಮಂತ್ರವನ್ನು ಅವರು ಶುರುಮಾಡಿದರು. ಸಕಲ ರೋಗವೂ ನಿವಾರಣೆಯಾಗಲಿ ಎನ್ನುವ ಮಾತು ಅದರಲ್ಲಿ ಬರುತ್ತದೆ. ಅಲ್ಲಿಗೆ ಬಂದು ಅರ್ಧಕ್ಕೇ ನಿಲ್ಲಿಸಿದರು. ತೀರ್ಥದ ಉದ್ಧರಣೆಯನ್ನು ಬಟ್ಟಲಿಗೆ ಇಳಿಸಿ ತಮ್ಮ ಮಣಿಕಟ್ಟನ್ನೇ ನೋಡಿಕೊಂಡರು. ಸಾಲಿನಲ್ಲಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿ, "ನೀವು ಜಯನಗರದ ಸ್ಕಿನ್ ಡಾಕ್ಟ್ರಲ್ವಾ?" ಎಂದರು. ಹೌದು ಎಂದೆ. ಆಕೆ ಸೆರಗು ಸರಿಮಾಡಿಕೊಂಡು, ಆ ಸಾಲು ಬಿಟ್ಟು ಬಂದು ನನ್ನ ಹಿಂದೆ ನಿಂತರು. ಅವರ ಹಿಂದೆ ಅವರ ಮಗ, ಅವನ ಹಿಂದೆ ಇನ್ಯಾರೋ.

"ಪೂರ್ತಿ ಹೇಳಿ ಸ್ವಾಮಿ," ಎಂದೆ. "ನನ್ನ ಹಿಂದೆ ಜನ ಕಾಯ್ತಿದಾರೆ."